ಕೆಂಪು ಚಡ್ಡಿಯ ಪುನರಾಗಮನ

ಸಿನಿಮಾ ಶುರುವಾಗುವುದೇ ಸೋಲಿನಿಂದ. ಅಂಟಾರ್ಕ್ಟಿಕದ ಬಿಳಿ ಬಯಲು, ತೆರೆಯ ಮೇಲೆ ಒಂದರ ಹಿಂದೊಂದು ಅಕ್ಷರದ ಸಾಲು. ಮೂರು ಶತಮಾನದ ಹಿಂದೆ, ಮೂರು ದಶಕದ ಹಿಂದೆ, ಮೂರು ವರ್ಷದ ಹಿಂದೆ ಎನ್ನುತ್ತ ಕಾಲ ಹತ್ತಿರ ಬರುತ್ತದೆ. ಕೊನೆಗೆ, ಮೂರೇ ನಿಮಿಷದ ಹಿಂದೆ ಸೂಪರ್‌ಮ್ಯಾನ್ ಮೊಟ್ಟಮೊದಲ ಸಲ ಒಂದು ಕಾಳಗದಲ್ಲಿ ಸೋತ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಆಕಾಶದಿಂದ ಅವನೇ ದೊಪ್ಪನೆ ಬೀಳುತ್ತಾನೆ. ಬಾಯಲ್ಲಿ ರಕ್ತ, ಮೈಯಲ್ಲಿ ಮುರಿದ ಮೂಳೆ, ಎದ್ದೇಳುವ ತ್ರಾಣವಿಲ್ಲ. ಹೇಗೋ ತುಟಿ ಕೂಡಿಸಿ ಸಿಳ್ಳೆ ಹಾಕುತ್ತಾನೆ. ದೂರದಿಂದ ಹಿಮದ ಪುಡಿ ಎಬ್ಬಿಸುತ್ತ ನುಗ್ಗಿ ಬರುವುದು ಒಂದು ನಾಯಿ, ಕ್ರಿಪ್ಟೊ. ಅದಕ್ಕೂ ಕೆಂಪು ಕೇಪು. ಬಂದದ್ದೇ ತಡ, ಗಾಯಗೊಂಡವನ ಮೇಲೆ ಹತ್ತಿ ಕುಣಿದು ಅವನ ನೋವನ್ನು ಇನ್ನಷ್ಟು ಹೆಚ್ಚಿಸುತ್ತದೆ.

2025ರ ಜುಲೈ 11ರಂದು ತೆರೆ ಕಂಡ ಜೇಮ್ಸ್ ಗನ್ ನಿರ್ದೇಶನದ ‘ಸೂಪರ್‌ಮ್ಯಾನ್’ ಚಿತ್ರದ ಮೊದಲ ಕೆಲವು ನಿಮಿಷ ಇದು. ಹುಟ್ಟಿನ ಕಥೆ ಇಲ್ಲ. ಕ್ರಿಪ್ಟಾನ್ ಗ್ರಹ ಸಿಡಿಯುವುದಿಲ್ಲ, ಕ್ಯಾನ್ಸಸ್‌ನ ಹೊಲಕ್ಕೆ ಮಗುವಿದ್ದ ನೌಕೆ ಬಂದು ಬೀಳುವುದಿಲ್ಲ. ಅದೆಲ್ಲ ನಿಮಗೆ ಗೊತ್ತೇ ಇದೆ, ಮುಂದಕ್ಕೆ ಹೋಗೋಣ ಎಂಬ ಧೋರಣೆ. ನನ್ನಂಥ ಹಳೇ ಅಭಿಮಾನಿಗೆ ಅರ್ಧ ಸಮಾಧಾನ ಅಲ್ಲೇ ಆಯಿತು. ಇನ್ನರ್ಧಕ್ಕೆ ಎರಡು ಗಂಟೆ ಕಾಯಬೇಕಾಯಿತು, ಅದೂ ಪೂರ್ತಿ ಸಿಕ್ಕಿತೆಂದು ಹೇಳಲಾರೆ.

ಅಭಿಮಾನಿ ಎಂದು ಹೇಳಿಕೊಂಡ ಮೇಲೆ ಜಾತಕವನ್ನೂ ಕೊಡಬೇಕಲ್ಲ. ಎಂಬತ್ತರ ದಶಕದ ದಾವಣಗೆರೆಯಲ್ಲಿ ವಿಸಿಆರ್ ಬಾಡಿಗೆಗೆ ತರುವುದೆಂದರೆ ಬೆಳಗಾಗುವುದರೊಳಗೆ ಮೂರು ಸಿನಿಮಾ ನೋಡಿ ಮುಗಿಸುವುದು ಎಂದರ್ಥ. ದೊಡ್ಡವರಿಗೆ ಎರಡು ರಾಜ್‌ಕುಮಾರ್ ಚಿತ್ರ, ಮಕ್ಕಳ ಗಲಾಟೆ ತಡೆಯಲಾರದೆ ಒಂದು ಇಂಗ್ಲಿಷ್. ಹಾಗೆ ಬಂದದ್ದು ರಿಚರ್ಡ್ ಡಾನರ್ ಅವರ 1978ರ ‘ಸೂಪರ್‌ಮ್ಯಾನ್’. ಕಾಪಿಯ ಕಾಪಿ, ಅದರದ್ದೂ ಕಾಪಿ. ಕೇಪಿನ ಕೆಂಪು ಗೆರೆ ದಾಟಿ ಆಕಾಶಕ್ಕೆಲ್ಲ ಹರಡಿಕೊಂಡಿತ್ತು. ಮಾತು ಒಂದಕ್ಷರ ತಿಳಿಯಲಿಲ್ಲ. ಆದರೂ ಕ್ರಿಸ್ಟೋಫರ್ ರೀವ್ ಹಾರಿದ್ದು ತಿಳಿಯಿತು. ಆಮೇಲೆ ಬೆಂಗಳೂರಿನ ಫುಟ್‌ಪಾತಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ರಟ್ಟು ಕಿತ್ತ ಕಾಮಿಕ್ಸ್ ಹುಡುಕಿದ್ದು, ಸಂಬಳ ಬರತೊಡಗಿದ ಮೇಲೆ ಡಿವಿಡಿ ಕೊಂಡದ್ದು, ಮನೆಯವರ ಮುಂದೆ ಅದನ್ನು ಮಗಳಿಗೆಂದು ತಂದೆ ಎಂದಿದ್ದು, ಎಲ್ಲ ಆ ರಾತ್ರಿಯ ಮುಂದುವರಿಕೆ.

ಆ ಚಿತ್ರದ ಹಾರಾಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಝೋರನ್ ಪೆರಿಸಿಕ್ ಎಂಬ ತಂತ್ರಜ್ಞ ಪ್ರೊಜೆಕ್ಟರಿನ ಝೂಮನ್ನೂ ಕ್ಯಾಮೆರಾದ ಝೂಮನ್ನೂ ಒಂದಕ್ಕೊಂದು ಜೋಡಿಸಿ, ನಿಂತಲ್ಲೇ ನಿಂತ ನಟ ನಮ್ಮತ್ತ ಹಾರಿ ಬಂದಂತೆ ಕಾಣಿಸಿದ್ದು ಅದರ ಗುಟ್ಟುಗಳಲ್ಲೊಂದು. ಚಿತ್ರದ ದೃಶ್ಯ ಚಮತ್ಕಾರಕ್ಕೆ ವಿಶೇಷ ಆಸ್ಕರ್ ಕೂಡ ಬಂತು. ರೀವ್ ಸ್ವತಃ ವಿಮಾನ ಹಾರಿಸಬಲ್ಲವರಾಗಿದ್ದರು. ತಿರುವಿನಲ್ಲಿ ಮೈ ಯಾವ ಕಡೆ ವಾಲಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ಮಟ್ಟಿಗೆ ಆ ಚಿತ್ರದ ಅತಿ ದೊಡ್ಡ ಚಮತ್ಕಾರ ನಡೆಯುವುದು ನೆಲದ ಮೇಲೆ, ಪತ್ರಕರ್ತೆ ಲೋಯಿಸ್ ಲೇನ್‌ಳ ಮನೆಯಲ್ಲಿ. ಆಕೆ ಒಳಕೋಣೆಗೆ ಹೋಗಿರುತ್ತಾಳೆ. ಪೆದ್ದು ಕ್ಲಾರ್ಕ್ ಕೆಂಟ್, ಅಂದರೆ ಮಾರುವೇಷದ ಸೂಪರ್‌ಮ್ಯಾನ್, ಒಬ್ಬನೇ ನಿಂತಿದ್ದಾನೆ. ನಿಜ ಹೇಳಿಬಿಡೋಣ ಎಂದು ಕನ್ನಡಕ ತೆಗೆಯುತ್ತಾನೆ. ಕುಗ್ಗಿದ್ದ ಭುಜ ಅಗಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಆಳು ಒಂದೆರಡು ಅಂಗುಲ ಎತ್ತರವೇ ಆದಂತೆ ಕಾಣುತ್ತದೆ. ದನಿ ತಗ್ಗುತ್ತದೆ. ಅಷ್ಟರಲ್ಲಿ ಧೈರ್ಯ ಸಾಲದೆ ಮತ್ತೆ ಕನ್ನಡಕ ಏರಿಸುತ್ತಾನೆ, ಎತ್ತರವೆಲ್ಲ ಇಳಿದುಹೋಗುತ್ತದೆ. ನಡುವೆ ಕತ್ತರಿ ಇಲ್ಲ, ಗ್ರಾಫಿಕ್ಸ್ ಇಲ್ಲ. ಒಂದು ಕನ್ನಡಕ ಹಾಕಿಕೊಂಡರೆ ಗುರುತೇ ಸಿಗುವುದಿಲ್ಲವೇ ಎಂದು ಗೇಲಿ ಮಾಡುವವರಿಗೆ ನಾನು ಇಂದಿಗೂ ತೋರಿಸುವುದು ಇದೇ ತುಣುಕನ್ನು.

ರೀವ್ ನಾಲ್ಕು ಚಿತ್ರಗಳಲ್ಲಿ ಸೂಪರ್‌ಮ್ಯಾನ್ ಆದರು. ಮೂರನೆಯದು ಹಾಸ್ಯದ ಕಡೆ ಜಾರಿತು; 1987ರ ನಾಲ್ಕನೆಯದು ದುಡ್ಡಿಲ್ಲದೆ ಸೊರಗಿತು. ಮುಂದಿನ 19 ವರ್ಷ ಸೂಪರ್‌ಮ್ಯಾನ್ ಚಿತ್ರಮಂದಿರದ ಕಡೆ ಸುಳಿಯಲಿಲ್ಲ. ಟಿಮ್ ಬರ್ಟನ್ ನಿರ್ದೇಶಿಸಿ ನಿಕೋಲಸ್ ಕೇಜ್ ನಟಿಸಬೇಕಿದ್ದ ಚಿತ್ರ ವೇಷಭೂಷಣದ ಪರೀಕ್ಷೆಯವರೆಗೆ ಹೋಗಿ 1998ರಲ್ಲಿ ನಿಂತುಹೋಯಿತು. ಅಲ್ಲಿಂದೀಚೆಗೆ ಮೂರು ಸಲ ಪುನರಾರಂಭ ನಡೆದಿದೆ: 2006, 2013, 2025. ಮೂರನ್ನೂ ಬಿಡುಗಡೆಯಾದ ವಾರವೇ ನೋಡಿದವನಾಗಿ ಒಂದು ಮಾತು ಹೇಳುತ್ತೇನೆ. ಹಳೇ ನಾಯಕನನ್ನು ಮತ್ತೆ ತೆರೆಗೆ ತರುವವರಿಗೆ ಅಡ್ಡ ಬರುವುದು ದುಡ್ಡೂ ಅಲ್ಲ, ತಂತ್ರಜ್ಞಾನವೂ ಅಲ್ಲ, ನಾಚಿಕೆ. ಇಷ್ಟು ಸರಳ, ಇಷ್ಟು ಒಳ್ಳೆಯ, ಪ್ಯಾಂಟಿನ ಮೇಲೆ ಚಡ್ಡಿ ಹಾಕುವ ಮನುಷ್ಯನನ್ನು ಈಗಿನವರ ಮುಂದೆ ಹೇಗೆ ನಿಲ್ಲಿಸುವುದು ಎಂಬ ನಾಚಿಕೆ.

ನಮ್ಮ ಕಡೆಯ ಯಕ್ಷಗಾನದ ಪ್ರೇಕ್ಷಕನಿಗೆ ಈ ತೊಂದರೆ ಇಲ್ಲ. ಕೃಷ್ಣಸಂಧಾನ ನೋಡಲು ಬಂದವನಿಗೆ ಸಂಧಾನ ಮುರಿಯುತ್ತದೆಂದು ಮೊದಲೇ ಗೊತ್ತು. ಕಿರೀಟ ಯಾಕಿಷ್ಟು ದೊಡ್ಡದು ಎಂದು ಅವನು ಕೇಳುವುದಿಲ್ಲ; ಈ ಸಲದ ಕೌರವ ಮಾತಿನಲ್ಲಿ ಎಲ್ಲಿ ಹೊಸದಾಗಿ ಸಿಕ್ಕಿಸುತ್ತಾನೆ ಎಂದು ನಿದ್ದೆಗೆಟ್ಟು ಕಾಯುತ್ತಾನೆ. ಪ್ರಸಂಗ ಹಳೆಯದೇ ಇರಲಿ, ಅರ್ಥ ಇವತ್ತಿನದಾಗಿರಲಿ ಎಂಬುದಷ್ಟೇ ಅವನ ಬೇಡಿಕೆ. ಸೂಪರ್‌ಮ್ಯಾನ್ ಅಭಿಮಾನಿಯ ಬೇಡಿಕೆಯೂ ಅದಕ್ಕಿಂತ ಹೆಚ್ಚಿನದಲ್ಲ.

2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಮಾಡಿದ ಬ್ರಯಾನ್ ಸಿಂಗರ್ ಅವರಿಗೆ ನಾಚಿಕೆಗಿಂತ ಭಕ್ತಿ ಹೆಚ್ಚಾಯಿತು. ಎಕ್ಸ್‌ಮೆನ್ ಸರಣಿಯ ಮೂರನೇ ಚಿತ್ರ ಬಿಟ್ಟು ಬಂದ ಅವರು ಡಾನರ್ ಕಟ್ಟಿದ ಲೋಕವನ್ನೇ ಮುಂದುವರಿಸಿದರು. 2004ರಲ್ಲಿ ತೀರಿಕೊಂಡ ಮರ್ಲಾನ್ ಬ್ರಾಂಡೊ ಅವರ ಹಳೇ ತುಣುಕುಗಳನ್ನು ಹೊರತೆಗೆದು ಸೂಪರ್‌ಮ್ಯಾನ್‌ನ ಹೆತ್ತ ತಂದೆ ಜೋರ್-ಎಲ್ ಮತ್ತೆ ಮಾತಾಡುವಂತೆ ಮಾಡಿದರು, ಜಾನ್ ವಿಲಿಯಮ್ಸ್ ಅವರ ಸಂಗೀತವನ್ನು ಹಾಗೇ ಬಳಸಿದರು. ಬ್ರ್ಯಾಂಡನ್ ರೌತ್ ಎಂಬ ಹೊಸ ನಟನನ್ನು ರೀವ್ ಅವರಂತೆ ನಿಲ್ಲಿಸಿ, ರೀವ್ ಅವರಂತೆ ನಗಿಸಿದರು. ಖಳನಾಯಕ ಲೆಕ್ಸ್ ಲೂಥರನಂತೂ 1978ರಲ್ಲಿ ಹೇಗೋ ಹಾಗೇ, ಈ ಸಲವೂ ಜಮೀನಿನ ದಂಧೆಗೇ ಇಳಿದ. ಉರಿಯುತ್ತ ಬೀಳುವ ವಿಮಾನವನ್ನು ಬೇಸ್‌ಬಾಲ್ ಮೈದಾನದಲ್ಲಿ ಮೂಗು ನೆಲಕ್ಕೆ ಮುಟ್ಟುವಂತೆ ಹಿಡಿದು ನಿಲ್ಲಿಸುವ ದೃಶ್ಯಕ್ಕೆ ಇಡೀ ಚಿತ್ರಮಂದಿರ ಚಪ್ಪಾಳೆ ಹೊಡೆಯಿತು, ನಾನೂ ಹೊಡೆದೆ. ಆಮೇಲೆ ಕತೆ ನಿಧಾನವಾಗಿ ದೇವರ ಮೆರವಣಿಗೆಯಾಯಿತು. ನಾಯಕ ಯಾರಿಗೂ ಒಂದು ಗುದ್ದು ಹಾಕುವುದಿಲ್ಲ ಎಂಬುದು ಆಗಿನ ದೊಡ್ಡ ದೂರು. ನನ್ನ ದೂರು ಬೇರೆ: ಅವನಿಗೆ ಒಂದು ತಮಾಷೆಯೂ ಹೊಳೆಯುವುದಿಲ್ಲ. ಸುಮಾರು 39 ಕೋಟಿ ಡಾಲರ್ ಗಳಿಸಿದರೂ ಹಾಕಿದ ಬಂಡವಾಳಕ್ಕೆ ಅದು ಸಾಲದೆ ಮುಂದಿನ ಭಾಗ ಬರಲಿಲ್ಲ. ಆ ಸೋಲಿನ ಭಾರ ರೌತ್ ಹೆಗಲಿಗೆ ಬಿದ್ದದ್ದು ಮಾತ್ರ ಅನ್ಯಾಯ. 2019ರಲ್ಲಿ ಟಿವಿ ಧಾರಾವಾಹಿಯೊಂದರ ವಿಶೇಷ ಕಂತುಗಳಲ್ಲಿ ಅವರು ಮತ್ತೆ ಅದೇ ಪಾತ್ರಕ್ಕೆ ಬಂದಾಗ, ಅವರ ಸೂಪರ್‌ಮ್ಯಾನ್ ಹೇಗಿರಬೇಕಿತ್ತು ಎಂದು ಎಲ್ಲರಿಗೂ ತಡವಾಗಿ ಕಂಡಿತು.

2013ರ ‘ಮ್ಯಾನ್ ಆಫ್ ಸ್ಟೀಲ್’ ನಾಚಿಕೆಯ ಪರಾಕಾಷ್ಠೆ. ಕ್ರಿಸ್ಟೋಫರ್ ನೋಲನ್ ನಿರ್ಮಾಪಕರು, ಝ್ಯಾಕ್ ಸ್ನೈಡರ್ ನಿರ್ದೇಶಕರು, ಹೆನ್ರಿ ಕ್ಯಾವಿಲ್ ನಾಯಕ. ಬಣ್ಣ ಮಾಸಿತು, ಚಡ್ಡಿ ಹೋಯಿತು, ಸೂಪರ್‌ಮ್ಯಾನ್ ಎಂಬ ಹೆಸರನ್ನೇ ಪಾತ್ರಗಳು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟವು. ಮುಳುಗುತ್ತಿದ್ದ ಶಾಲಾ ಬಸ್ಸಿನಿಂದ ಸಹಪಾಠಿಗಳನ್ನು ಎತ್ತಿ ಉಳಿಸಿದ ಹುಡುಗ, ಹಾಗಾದರೆ ಅವರನ್ನು ಸಾಯಲು ಬಿಡಬೇಕಿತ್ತೇ ಎಂದು ಅಪ್ಪನನ್ನು ಕೇಳುತ್ತಾನೆ. ಬಿಡಬೇಕಿತ್ತೇನೋ ಎನ್ನುತ್ತಾನೆ ಅಪ್ಪ. ಕ್ಯಾನ್ಸಸ್‌ನ ಆ ರೈತನ ಬಾಯಲ್ಲಿ ಈ ಮಾತು ಹೊರಟಾಗ ನನ್ನ ಪಾಲಿಗೆ ಸಿನಿಮಾ ಅಲ್ಲೇ ಮುಗಿದಿತ್ತು. ಮುಂದಿನದ್ದು ಮುಕ್ಕಾಲು ಮೆಟ್ರೊಪೊಲಿಸ್ ನಗರವನ್ನು ಪುಡಿ ಮಾಡುವ ಕಾಮಗಾರಿ, ಕೊನೆಗೆ ನಾಯಕ ಖಳನಾಯಕನ ಕತ್ತು ಮುರಿಯುವುದು. ಕ್ಯಾವಿಲ್ ಅವರ ಬಗ್ಗೆ ಎರಡು ಮಾತಿಲ್ಲ. ಆ ಮುಖ, ಆ ನಿಲುವು ಪಾತ್ರಕ್ಕೆಂದೇ ಎರಕ ಹೊಯ್ದಂತಿತ್ತು. ನಗುವ ಅವಕಾಶ ಅವರಿಗೆ ಯಾರೂ ಕೊಡಲಿಲ್ಲ.

ಹೀಗೆಂದ ಕೂಡಲೇ ನನ್ನನ್ನು ಬೈಯುವ ಒಂದು ದೊಡ್ಡ ಬಳಗವಿದೆ. ಸ್ನೈಡರ್ ಅಭಿಮಾನಿಗಳಿಗೆ ಆ ಗಂಭೀರ, ಒಂಟಿ, ಜನ ನಂಬದ ಪರಕೀಯನೇ ನಿಜವಾದ ಸೂಪರ್‌ಮ್ಯಾನ್. 2017ರಲ್ಲಿ ಮಗಳನ್ನು ಕಳೆದುಕೊಂಡು ಸ್ನೈಡರ್ ‘ಜಸ್ಟೀಸ್ ಲೀಗ್’ ಚಿತ್ರದಿಂದ ಹಿಂದೆ ಸರಿದಾಗ, ಬೇರೆಯವರು ಮುಗಿಸಿದ ಅದು ಯಾರಿಗೂ ಬೇಡದ ಕೂಸಾಯಿತು. ಇನ್ನೊಂದು ಚಿತ್ರಕ್ಕೆಂದು ಬಿಟ್ಟಿದ್ದ ಕ್ಯಾವಿಲ್ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಲು ಹೋಗಿ ಸೂಪರ್‌ಮ್ಯಾನ್ ಮೇಲ್ತುಟಿಯೇ ಊದಿಕೊಂಡಿತು. ಅಭಿಮಾನಿಗಳು ವರ್ಷಗಟ್ಟಲೆ ಹಠ ಹಿಡಿದು 2021ರಲ್ಲಿ ಸ್ನೈಡರ್ ಆವೃತ್ತಿ ಹೊರಬರುವಂತೆ ಮಾಡಿದರು, ದಾರಿಯಲ್ಲಿ ಆತ್ಮಹತ್ಯೆ ತಡೆಯುವ ಕೆಲಸಕ್ಕೆ ದೊಡ್ಡ ಮೊತ್ತವನ್ನೂ ಕೂಡಿಸಿಕೊಟ್ಟರು. ಆ ಬಳಗವನ್ನು ಬರೀ ಬೈಗುಳದ ಪಡೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 2013ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿದ್ದವನಿಗೆ ಕ್ಯಾವಿಲ್ ಏನೋ, ಬಾಡಿಗೆ ವಿಸಿಆರಿನ ಮುಂದೆ ಕೂತ ನನಗೆ ರೀವ್ ಅದೇ. 2022ರ ಅಕ್ಟೋಬರಿನಲ್ಲಿ ‘ಬ್ಲ್ಯಾಕ್ ಆ್ಯಡಂ’ ಚಿತ್ರದ ಕೊನೆಗೆ ಕ್ಯಾವಿಲ್ ಒಂದು ಗಳಿಗೆ ಕಾಣಿಸಿಕೊಂಡು, ಮರಳಿ ಬಂದೆ ಎಂದು ಸಾರಿದ್ದರು. ಡಿಸೆಂಬರಿನಲ್ಲಿ ಇಲ್ಲ ಎಂದಾಯಿತು. ಈ ಚಿತ್ರಗಳನ್ನು ಮಾಡುವ ಡಿಸಿ ಸ್ಟುಡಿಯೋಸ್‌ನ ಚುಕ್ಕಾಣಿ ಅಷ್ಟರಲ್ಲಿ ಜೇಮ್ಸ್ ಗನ್ ಮತ್ತು ಪೀಟರ್ ಸಾಫ್ರಾನ್ ಕೈಗೆ ಬಂದಿತ್ತು, ಅವರಿಗೆ ಬೇಕಿದ್ದದ್ದು ಹರೆಯದ ಸೂಪರ್‌ಮ್ಯಾನ್.

ಇನ್ನು ಚಡ್ಡಿಯ ವಿಚಾರ. ಹೊಸ ನಾಯಕ ಡೇವಿಡ್ ಕೊರೆನ್ಸ್‌ವೆಟ್‌ಗೆ ಕೆಂಪು ಚಡ್ಡಿ ಬೇಕೋ ಬೇಡವೋ ಎಂದು ಗನ್ ಬಹಳ ದಿನ ಹೊಯ್ದಾಡಿದರಂತೆ. ತೀರ್ಮಾನ ಮಾಡಿಸಿದ್ದು ನಟನೇ. ಅವರ ವಾದ ಹೀಗೆ: ಕಣ್ಣಿನಿಂದ ಬೆಂಕಿ ಉಗುಳಬಲ್ಲ, ಬೇರೆ ಗ್ರಹದಿಂದ ಬಂದ ಒಬ್ಬನಿಗೆ ಮಕ್ಕಳು ತನ್ನನ್ನು ಕಂಡು ಹೆದರಬಾರದು ಎಂಬ ಆಸೆ ಇದ್ದರೆ, ಅವನು ಕುಸ್ತಿ ಪ್ರದರ್ಶನದ ಪೈಲ್ವಾನನಂತೆ ಬಣ್ಣಬಣ್ಣದ ಬಟ್ಟೆಯನ್ನೇ ತೊಡುತ್ತಾನೆ. ಈ ವಾದಕ್ಕೆ ಇತಿಹಾಸದ ಬೆಂಬಲವೂ ಇದೆ. 1930ರ ದಶಕದಲ್ಲಿ ಈ ಉಡುಪು ಹುಟ್ಟಿದಾಗ ಸರ್ಕಸ್ಸಿನ ಬಲಶಾಲಿಗಳೂ ಪೈಲ್ವಾನರೂ ಬಿಗಿ ಉಡುಪಿನ ಮೇಲೆ ಚಡ್ಡಿ ತೊಡುತ್ತಿದ್ದರು. ಆಗಿನ ಹುಡುಗರಿಗೆ ಅದು ಶಕ್ತಿಯ ಗುರುತು. ಕಾಮಿಕ್ಸ್‌ನಲ್ಲೂ 2011ರಲ್ಲಿ ಚಡ್ಡಿ ಕಿತ್ತುಹಾಕಿ, 2018ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ ಸಾವಿರದ ಸಂಚಿಕೆಯ ಹೊತ್ತಿಗೆ ಮತ್ತೆ ತೊಡಿಸಿದರು. ಅಂದರೆ ಏಳು ವರ್ಷ ಅದನ್ನು ಪ್ರಕಟಿಸುವ ಸಂಸ್ಥೆಗೇ ನಾಚಿಕೆಯಾಗಿತ್ತು.

ಭಾರತದಲ್ಲಿ ಮಾತ್ರ ಈ ನಾಚಿಕೆ ಯಾರಿಗೂ ಇರಲಿಲ್ಲ. 1980ರಲ್ಲಿ ಎನ್.ಟಿ. ರಾಮರಾವ್ ತೆಲುಗಿನಲ್ಲಿ ಹನುಮಂತನ ಕೃಪೆಯಿಂದ ಸೂಪರ್‌ಮ್ಯಾನ್ ಆದರು. 1987ರಲ್ಲಿ ಪುನೀತ್ ಇಸ್ಸಾರ್ ಹಿಂದಿಯಲ್ಲಿ ಆದರು. ಮಹಾರಾಷ್ಟ್ರದ ಮಾಲೇಗಾಂವ್‌ನಲ್ಲಿ ಪವರ್‌ಲೂಮ್ ಕೆಲಸಗಾರನೊಬ್ಬ ಸೂಪರ್‌ಮ್ಯಾನ್ ಆದ ಕತೆಯನ್ನು ಫೈಜಾ ಅಹ್ಮದ್ ಖಾನ್ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅಲ್ಲಿಯ ಬಡಕಲು ನಾಯಕನ ಚಡ್ಡಿಯ ಲಾಡಿ ಹೊರಗೇ ನೇತಾಡುತ್ತಿರುತ್ತದೆ. ಆ ಚಿತ್ರ ತಂಡ ಅದನ್ನು ತಮಾಷೆ ಎಂದು ಮಾಡಿದರೂ ತಮಾಷೆಯ ಒಳಗಿನ ಪ್ರೀತಿ ಇನ್ನೂರು ಕೋಟಿ ರೂಪಾಯಿ ಸುರಿದರೂ ಸಿಗುವಂಥದ್ದಲ್ಲ.

ಗನ್ ಚಿತ್ರಕ್ಕೆ ಬರೋಣ. ಅದರ ಅತ್ಯುತ್ತಮ ಭಾಗದಲ್ಲಿ ಯಾರೂ ಹಾರುವುದಿಲ್ಲ. ಕ್ಲಾರ್ಕ್ ಮತ್ತು ಲೋಯಿಸ್ ಪ್ರೀತಿಯಲ್ಲಿ ಬಿದ್ದು ಮೂರು ತಿಂಗಳಾಗಿದೆ, ಅವನ ಗುಟ್ಟು ಆಕೆಗೆ ಗೊತ್ತು. ಅವನು ಪತ್ರಿಕೆಗೆ ಸೂಪರ್‌ಮ್ಯಾನ್ ಸಂದರ್ಶನಗಳನ್ನು ತಾನೇ ಮಾಡಿಕೊಂಡು ಬರೆಯುವುದನ್ನು ಆಕೆ ಅಣಕಿಸುತ್ತಾಳೆ. ಹಾಗಾದರೆ ನೀನೇ ಮಾಡು ಎನ್ನುತ್ತಾನೆ. ರೆಕಾರ್ಡರ್ ಒತ್ತಿದ ಕ್ಷಣವೇ ಪ್ರೇಯಸಿ ಮರೆಯಾಗಿ ವರದಿಗಾರ್ತಿ ಎದುರು ಕೂರುತ್ತಾಳೆ. ಬೊರೇವಿಯಾ ಎಂಬ ದೇಶ ಪಕ್ಕದ ಬಡ ಜರ್ಹಾನ್‌ಪುರದ ಮೇಲೆ ದಂಡೆತ್ತಿ ಹೋದಾಗ ನೀನು ತಡೆದೆ; ಯಾರನ್ನು ಕೇಳಿ ತಡೆದೆ? ಯಾವ ಸರ್ಕಾರದ ಪರವಾಗಿ ಹೋದೆ? ಒಂದು ದೇಶದ ಅಧ್ಯಕ್ಷನನ್ನು ಹೊತ್ತೊಯ್ದು ಬೆದರಿಸುವುದು ಸರಿಯೇ? ಮೊದಲು ಅವನು ನಗುತ್ತಾನೆ. ಆಮೇಲೆ ಕೂತಲ್ಲಿ ಕೂರಲಾರ. ಕೊನೆಗೆ, ಜನ ಸಾಯುತ್ತಿದ್ದರು ಎಂದು ಕೂಗಿಬಿಡುತ್ತಾನೆ. ಲೋಯಿಸ್ ಪಾತ್ರದ ರೇಚಲ್ ಬ್ರಾಸ್ನಹನ್ ದನಿ ಏರಿಸದೆ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ತಾಳಮದ್ದಳೆಯ ಒಳ್ಳೆ ಜೋಡಿಯೊಂದು ಎದುರುಬದುರು ಕೂತಂತಿತ್ತು. ಇಬ್ಬರೂ ಸರಿ, ಇಬ್ಬರಲ್ಲೂ ತೂತಿದೆ. ಇಂಥ ಪ್ರಶ್ನೆಗಳನ್ನು ಸ್ನೈಡರ್ ಚಿತ್ರಗಳೂ ಕೇಳಿದ್ದವು, ಆದರೆ ಗುಡುಗು ಮಳೆಯ ನಡುವೆ. ಇಲ್ಲಿ ಅವು ಒಂದು ಸಣ್ಣ ಮನೆಯೊಳಗೆ ಕೇಳಿಸುತ್ತವೆ.

ಇದನ್ನೇ ಹಿಡಿದು ಕೆಲವರು ಸೂಪರ್‌ಮ್ಯಾನ್‌ಗೆ ರಾಜಕೀಯ ಮೆತ್ತಿದರು ಎಂದು ಗಲಾಟೆ ಎಬ್ಬಿಸಿದರು. ಬಿಡುಗಡೆಗೆ ಮುಂಚೆ ಗನ್, ಇದು ವಲಸೆ ಬಂದವನೊಬ್ಬನ ಕತೆ ಎಂದದ್ದೂ ಅಮೆರಿಕದ ಬಲಪಂಥೀಯ ಟಿವಿಗಳಿಗೆ ಎರಡು ದಿನದ ಮೇವಾಯಿತು. ಇವರೆಲ್ಲ ಮೊದಲ ಸಂಚಿಕೆ ಓದಿದವರಲ್ಲ. ಓಹಿಯೋದ ಕ್ಲೀವ್‌ಲ್ಯಾಂಡಿನಲ್ಲಿ ಒಂದೇ ಹೈಸ್ಕೂಲಿಗೆ ಹೋಗುತ್ತಿದ್ದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬದ ಹುಡುಗರು. ಸೀಗಲ್ ತಂದೆ ಬಟ್ಟೆ ಅಂಗಡಿ ಇಟ್ಟಿದ್ದರು. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದಾಗ ಕುಸಿದು ಬಿದ್ದು ತೀರಿಕೊಂಡರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಈ ಹುಡುಗರು ಕಲ್ಪಿಸಿದ ನಾಯಕ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಮಾಡುವುದೇನು? ತಪ್ಪಿಲ್ಲದೆ ಗಲ್ಲಿಗೇರಲಿದ್ದ ಹೆಂಗಸನ್ನು ಉಳಿಸಲು ಗವರ್ನರ್ ಮನೆಯ ಬಾಗಿಲು ಮುರಿಯುತ್ತಾನೆ. ಹೆಂಡತಿಗೆ ಹೊಡೆಯುವವನನ್ನು ಗೋಡೆಗೆ ಎಸೆಯುತ್ತಾನೆ. ಸೆನೆಟರನ್ನು ಬುಟ್ಟಿಗೆ ಹಾಕಿಕೊಂಡ ದಲ್ಲಾಳಿಯನ್ನು ಎತ್ತಿಕೊಂಡು ಹೋಗಿ ಬೆದರಿಸುತ್ತಾನೆ. ಮುಂದಿನ ಸಂಚಿಕೆಗಳಲ್ಲಿ ಗಣಿ ಮಾಲೀಕನನ್ನೇ ಕುಸಿದ ಗಣಿಯೊಳಗೆ ಸಿಕ್ಕಿಸಿ ಬುದ್ಧಿ ಕಲಿಸುತ್ತಾನೆ. 1946ರಲ್ಲಿ ರೇಡಿಯೋ ನಾಟಕದ ಸೂಪರ್‌ಮ್ಯಾನ್, ಕು ಕ್ಲಕ್ಸ್ ಕ್ಲಾನ್ ಹೋಲುವ ಮುಸುಕುಧಾರಿ ಗುಂಪಿನ ಬೆನ್ನಟ್ಟಿದ. ಅಧ್ಯಕ್ಷನನ್ನು ಹೊತ್ತೊಯ್ದು ಬೆದರಿಸಿದ ಕೊರೆನ್ಸ್‌ವೆಟ್‌ನ ಸೂಪರ್‌ಮ್ಯಾನ್ ಅಪ್ಪಟ 1938ರವನು.

ಅಳಿಲಿನ ಸಂಗತಿಯೂ ಇದೆ. ಬೃಹತ್ ಪ್ರಾಣಿಯೊಂದು ನಗರದ ನಡುವೆ ಕಾಲಿಡುತ್ತಿರುವಾಗ ಸೂಪರ್‌ಮ್ಯಾನ್ ಸರಕ್ಕನೆ ಬಂದು ಮರದ ಬುಡದಲ್ಲಿದ್ದ ಒಂದು ಅಳಿಲನ್ನು ಎತ್ತಿ ಪಕ್ಕಕ್ಕೆ ಬಿಡುತ್ತಾನೆ. ಅಳಿಲು ಸೇವೆಯ ಕತೆ ಕೇಳಿ ಬೆಳೆದ ನಾವು ಇಲ್ಲಿ ಅಳಿಲಿಗೇ ಸೇವೆ ನಡೆಯುವುದನ್ನು ನೋಡಬೇಕು. ಪರೀಕ್ಷಾ ಪ್ರದರ್ಶನದಲ್ಲಿ ಕೆಲವರಿಗೆ ಇದು ಹಿಡಿಸದಿದ್ದರೂ ಗನ್ ಉಳಿಸಿಕೊಂಡರು. ಮರದಿಂದ ಬೆಕ್ಕನ್ನು ಇಳಿಸಿ ಹುಡುಗಿಯ ಕೈಗೆ ಕೊಟ್ಟ ರೀವ್ ನೆನಪಿದ್ದವರಿಗೆ ಕಾರಣ ಹೇಳಬೇಕಿಲ್ಲ.

ಹಳಬರಿಗೆ ಸಲ್ಲಿಸುವ ಗೌರವವೂ ಈ ಸಲ ಹದವಾಗಿತ್ತು. 2023ರ ‘ದಿ ಫ್ಲ್ಯಾಶ್’ ಚಿತ್ರದಲ್ಲಿ ತೀರಿಹೋದ ರೀವ್ ಅವರನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಮೇಣದ ಬೊಂಬೆಯಂಥ ಮುಖ, ನೋಟವಿಲ್ಲದ ಕಣ್ಣು. 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡು, 2004ರಲ್ಲಿ ಸಾಯುವವರೆಗೂ ಬೆನ್ನುಹುರಿ ಪೆಟ್ಟಾದವರ ಪರವಾಗಿ ದುಡಿದ ಮನುಷ್ಯನನ್ನು ಹಾಗೆ ಗೊಂಬೆಯಾಟಕ್ಕೆ ಇಳಿಸಿದ್ದು ನೋಡಿ ನಾನು ತೆರೆಯಿಂದ ಮುಖ ತಿರುಗಿಸಿದ್ದೆ. ಗನ್ ಚಿತ್ರದಲ್ಲಿ ಒಬ್ಬ ಟಿವಿ ವರದಿಗಾರ ಮೈಕು ಹಿಡಿದು ಒಂದೆರಡು ಸಾಲು ಹೇಳಿ ಹೋಗುತ್ತಾನೆ. ಅವರು ವಿಲ್ ರೀವ್, ಕ್ರಿಸ್ಟೋಫರ್ ರೀವ್ ಅವರ ಕಿರಿಯ ಮಗ, ನಿಜಜೀವನದಲ್ಲೂ ಟಿವಿ ವರದಿಗಾರರೇ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಏನೂ ತಪ್ಪುವುದಿಲ್ಲ. ವಿಲಿಯಮ್ಸ್ ಅವರ ಹಳೇ ರಾಗವೂ ಹಾಗೆಯೇ ಒಂದು ಗಿಟಾರಿನ ಮೇಲೆ ಸುಳಿದು ಹೋಗುತ್ತದೆ. 

ದೂರುಗಳು ಇಲ್ಲವೆಂದಲ್ಲ. ಚಿತ್ರದಲ್ಲಿ ಜಾತ್ರೆಯಷ್ಟು ಜನ. ಗ್ರೀನ್ ಲ್ಯಾಂಟರ್ನ್, ಹಾಕ್‌ಗರ್ಲ್, ಮಿಸ್ಟರ್ ಟೆರಿಫಿಕ್, ಮೆಟಮಾರ್ಫೊ, ಸಾಲದ್ದಕ್ಕೆ ಕೊನೆಯಲ್ಲಿ ಸೂಪರ್‌ಗರ್ಲ್. ಮಿಸ್ಟರ್ ಟೆರಿಫಿಕ್ ಪಾತ್ರದ ಎಡಿ ಗಥೇಗಿ ಸಿಕ್ಕಲ್ಲೆಲ್ಲ ದೃಶ್ಯ ಕದಿಯುತ್ತಾರೆ ಎಂಬುದು ನಿಜ, ಉಳಿದವರು ಮುಂದಿನ ಚಿತ್ರಗಳ ಜಾಹೀರಾತು. ಫಲಾಫೆಲ್ ಮಾರುವ ಮಾಲಿ ಎಂಬ ಬಡಪಾಯಿ, ಗುಂಡಿಯಿಂದ ಸೂಪರ್‌ಮ್ಯಾನನ್ನು ಕೈಹಿಡಿದು ಎಬ್ಬಿಸಿದ್ದಕ್ಕಾಗಿ ಲೂಥರನ ಕೈಯಲ್ಲಿ ಸಾಯುತ್ತಾನೆ. ಅದು ಚಿತ್ರದ ಅತಿ ಕ್ರೂರ ಗಳಿಗೆ. ಅದಕ್ಕೆ ಒಂದು ನಿಟ್ಟುಸಿರಿಡಲೂ ಬಿಡದೆ ಕತೆ ಓಡುತ್ತದೆ, ನಾಯಕ ಮತ್ತೆ ಅವನ ಹೆಸರೆತ್ತುವುದೂ ಅಪರೂಪ. ಕೊನೆಯ ಅರ್ಧ ಗಂಟೆಯಲ್ಲಿ ನಗರ ಮತ್ತೆ ಎರಡು ಹೋಳಾಗುತ್ತದೆ. ಈ ಸಲ ಜನರನ್ನು ಮೊದಲೇ ಖಾಲಿ ಮಾಡಿಸಿದ್ದಾರೆ ಎಂಬುದೊಂದೇ ಸುಧಾರಣೆ. ಇದರ ಮೇಲೆ, ಭಾರತದಲ್ಲಿ ನಾವು ನೋಡಿದ ಪ್ರತಿಯಲ್ಲಿ ಸುಮಾರು 33 ಸೆಕೆಂಡಿನ ಚುಂಬನಕ್ಕೆ ಕತ್ತರಿ ಬಿದ್ದಿತ್ತು. ಅಷ್ಟು ಹೊತ್ತು ಕಟ್ಟಡಗಳು ಉರುಳುವುದನ್ನು ನೋಡಿದ ಮಕ್ಕಳಿಗೆ ಇಬ್ಬರು ತಬ್ಬಿಕೊಂಡು ಗಾಳಿಯಲ್ಲಿ ತೇಲುವುದು ಹೆಚ್ಚಾಗುತ್ತದೆಂದು ಯಾರಿಗೋ ಅನ್ನಿಸಿರಬೇಕು.

ನಮ್ಮ ಪೀಳಿಗೆಗೆ ಎಲ್ಲಕ್ಕಿಂತ ಚುಚ್ಚಿದ್ದು ಜೋರ್-ಎಲ್. ಬ್ರಾಂಡೊ ಕೆಲವೇ ನಿಮಿಷದ ಪಾತ್ರಕ್ಕೆ 37 ಲಕ್ಷ ಡಾಲರ್ ಪಡೆದು, ಮಗನೇ ನಿನ್ನನ್ನು ಮನುಷ್ಯರ ಒಳಿತಿಗಾಗಿ ಕಳಿಸುತ್ತಿದ್ದೇನೆ ಎಂಬರ್ಥದಲ್ಲಿ ಹರಸಿದ್ದರು. ಗನ್ ಚಿತ್ರದಲ್ಲಿ ಆ ಸಂದೇಶದ ಮೊದಲರ್ಧ ಮಾತ್ರ ಸೂಪರ್‌ಮ್ಯಾನ್ ಬಳಿ ಇದೆ; ಕೆಟ್ಟುಹೋಗಿದ್ದ ಉಳಿದರ್ಧವನ್ನು ಲೂಥರ್ ಸರಿಪಡಿಸಿ ಲೋಕಕ್ಕೆಲ್ಲ ಕೇಳಿಸುತ್ತಾನೆ. ಅದರಲ್ಲಿ ಹೆತ್ತವರು ಹೇಳುವುದು: ಅಲ್ಲಿಯವರು ಬಲಹೀನರು, ಅವರನ್ನು ಆಳು. ಇದು ಲೂಥರನ ಕುತಂತ್ರವೇ ಇರಬೇಕು, ಕೊನೆಯಲ್ಲಿ ಸುಳ್ಳೆಂದು ಗೊತ್ತಾಗುತ್ತದೆ ಎಂದು ಸಿನಿಮಾ ಮುಗಿಯುವವರೆಗೂ ಕಾದೆ. ಆಗಲಿಲ್ಲ. ಹೊರಬರುವಾಗ ಸಿಟ್ಟು ಬಂದಿತ್ತು, ದಾರಿಯುದ್ದಕ್ಕೂ ಮಗಳ ಹತ್ತಿರ ಗೊಣಗಿದೆ.

“ಅಪ್ಪಾ, ಅವನು ಒಳ್ಳೆಯವನಾಗಿದ್ದು ಅವರು ಹೇಳಿದ್ರು ಅಂತಾನಾ?” ಎಂದು ಕೇಳಿದಳು. “ಅವರು ಹೇಳದೇನೂ ಆಗಿದ್ದಾನಲ್ಲ, ಅದು ಇನ್ನೂ ಚೆನ್ನಾಗಿಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಕ್ಯಾನ್ಸಸ್‌ನ ಮನೆಯಲ್ಲಿ ಸಾಕುತಂದೆ ಜೋನಥನ್ ಕೆಂಟ್, ಮಕ್ಕಳು ಏನಾಗಬೇಕೆಂದು ಹೇಳುವುದು ಹೆತ್ತವರ ಕೆಲಸವಲ್ಲ ಎಂದು ತೊದಲುತ್ತ ಮಗನಿಗೆ ಹೇಳುವ ಮಾತಿಗೂ ಇವಳ ಪ್ರಶ್ನೆಗೂ ಹೆಚ್ಚು ದೂರವಿಲ್ಲ. ಎರಡನೇ ಸಲ ನೋಡಿದಾಗ ಸಿಟ್ಟು ಇಳಿದಿತ್ತು. ಬ್ರಾಂಡೊ ಜೋರ್-ಎಲ್ ಈಗಲೂ ನನಗೆ ಹೆಚ್ಚು ಪ್ರಿಯ. ಇವಳ ಜೋರ್-ಎಲ್ ಬೇರೆ.

ಗಳಿಕೆಯ ಲೆಕ್ಕದಲ್ಲಿ ಚಿತ್ರ ಸುಮಾರು 61 ಕೋಟಿ ಡಾಲರ್ ಮುಟ್ಟಿತು. ‘ಮ್ಯಾನ್ ಆಫ್ ಸ್ಟೀಲ್’ 12 ವರ್ಷದ ಹಿಂದೆಯೇ 67 ಕೋಟಿ ಗಳಿಸಿತ್ತು ಎಂಬುದು ಎದುರು ಪಾಳೆಯದ ಮದ್ದುಗುಂಡು. ಸೂಪರ್‌ಹೀರೊ ಚಿತ್ರಗಳಿಗೇ ಜನ ಬೇಸತ್ತ ಕಾಲದಲ್ಲಿ ಇಷ್ಟು ಬಂದದ್ದು ದೊಡ್ಡದು ಎಂಬುದು ಈ ಕಡೆಯ ಉತ್ತರ. ಸ್ಟುಡಿಯೋಗಂತೂ ಸಾಕೆನಿಸಿದೆ, ಮುಂದಿನ ಚಿತ್ರ ‘ಮ್ಯಾನ್ ಆಫ್ ಟುಮಾರೊ’ 2027ರ ಜುಲೈಗೆ ಎಂದು ಗನ್ ಘೋಷಿಸಿದರು.

ಈ ಆತುರಕ್ಕೆ ಅಭಿಮಾನದಾಚೆಯ ಕಾರಣವೂ ಇದೆ: ಕೃತಿಸ್ವಾಮ್ಯ. ಸೀಗಲ್ ಮತ್ತು ಶುಸ್ಟರ್ 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು ಮಾರಿದ್ದು 130 ಡಾಲರಿಗೆ, ಪುಟಕ್ಕೆ ಹತ್ತರಂತೆ 13 ಪುಟಕ್ಕೆ. ಕೋರ್ಟು ಅಲೆದು ಸೋತರು. ಶುಸ್ಟರ್ ಕಣ್ಣು ಮಂದವಾಗಿ ಚಿತ್ರ ಬರೆಯಲಾರದಾದರು. 1975ರಲ್ಲಿ ದೊಡ್ಡ ಸಿನಿಮಾ ತಯಾರಾಗುವ ಸುದ್ದಿ ಕೇಳಿ ಸೀಗಲ್ ಪತ್ರಿಕೆಗಳಿಗೆ ಉದ್ದನೆಯ ಹೇಳಿಕೆ ಬರೆದು ಆ ಸಿನಿಮಾಕ್ಕೆ ಶಾಪ ಹಾಕಿದರು. ನೀಲ್ ಆ್ಯಡಮ್ಸ್ ಮೊದಲಾದ ಕಲಾವಿದರು ಬೆನ್ನಿಗೆ ನಿಂತು ಸದ್ದು ಮಾಡಿದ ಮೇಲೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಮತ್ತು ಕಳೆದುಹೋಗಿದ್ದ ಹೆಸರು ಸಿಕ್ಕಿತು. ಶಾಪ ತಟ್ಟದೆ 1978ರ ಚಿತ್ರ ಗೆದ್ದಿತು, ಅದರ ಮೇಲೆ ಇವರ ಹೆಸರೂ ಬಂತು. 2024ರಲ್ಲಿ ಗನ್ ಚಿತ್ರದ ಮೆಟ್ರೊಪೊಲಿಸ್‌ಗಾಗಿ ಚಿತ್ರೀಕರಣ ನಡೆದ ಊರುಗಳಲ್ಲಿ ಈ ಇಬ್ಬರ ಕ್ಲೀವ್‌ಲ್ಯಾಂಡ್ ಮುಖ್ಯವಾದುದು.

ಆ ಮೊದಲ ಸಂಚಿಕೆಯ ಕೃತಿಸ್ವಾಮ್ಯ 95 ವರ್ಷ ಪೂರೈಸಿ 2034ರ ಜನವರಿ 1ಕ್ಕೆ ಅಮೆರಿಕದಲ್ಲಿ ಮುಗಿಯುತ್ತದೆ. ಅಂದಿನಿಂದ ಟ್ರೇಡ್‌ಮಾರ್ಕಿನ ಕಟ್ಟುಪಾಡು ಮೀರದೆ ಯಾರು ಬೇಕಾದರೂ ಸೂಪರ್‌ಮ್ಯಾನ್ ಕತೆ ಹೇಳಬಹುದು. ಸ್ಟುಡಿಯೋ ಅಷ್ಟರೊಳಗೆ ತನ್ನ ಸೂಪರ್‌ಮ್ಯಾನೇ ಅಸಲಿ ಎಂದು ಜನರ ಮನಸ್ಸಿನಲ್ಲಿ ಅಚ್ಚೊತ್ತಬೇಕು. ಸ್ವತಂತ್ರವಾಗಿ ಮಾಡಹೊರಟವರಿಗೂ ಒಂದು ತೊಡಕಿದೆ. ಬಿಡುಗಡೆಯಾಗುವುದು 1938ರ ಸೂಪರ್‌ಮ್ಯಾನ್ ಮಾತ್ರ, ಮತ್ತು ಅವನಿಗೆ ಹಾರಲು ಬರುತ್ತಿರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯುತ್ತಿದ್ದ, ಅಷ್ಟೆ.